ಬಿಳಿ ಪೇಂಟಿನ ಗುರುತು ನಂಬಬೇಡಿ

ನಮ್ಮ ವರ್ಕ್‌ಶಾಪಿಗೆ ಬರುವ ಹಳೇ ಗಾಡಿಗಳಲ್ಲಿ ನನಗೆ ತುಂಬಾ ಇಷ್ಟ ಮೊದಲ ಮಾದರಿಯ ಮಾರುತಿ 800. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಗಾಡಿ. 796 ಸಿಸಿ, 3 ಸಿಲಿಂಡರ್, ಹೆಡ್ ಮೇಲೆ ವಾಲ್ವ್ ತೆರೆಯುವ ಒಂದೇ ಕ್ಯಾಮ್ ಶಾಫ್ಟ್. ಅಂಥದ್ದೊಂದು ಟೈಮಿಂಗ್ ಬೆಲ್ಟ್ ಬದಲಿಸೋಕೆ ಬಂದಿತ್ತು. ಪಿಸ್ಟನ್‌ಗಳು ತಿರುಗಿಸುವ ಕೆಳಗಿನ ಕ್ರ್ಯಾಂಕಿನಿಂದ ಮೇಲಿನ ಕ್ಯಾಮನ್ನು ತಾಳ ತಪ್ಪದಂತೆ ತಿರುಗಿಸುವ ಹಲ್ಲಿನ ಬೆಲ್ಟ್ ಅದು. "ಪಿಕಪ್ ಇಲ್ಲ, ಹಳೇ ಗಾಡಿ ಅಲ್ವಾ" ಅಂತ ಗಾಡಿಯವರು ತಾವೇ ಸಮಾಧಾನ ಮಾಡಿಕೊಂಡಿದ್ದರು. ಓಡಿದ್ದು ಕಡಿಮೆ, ಆದರೂ ಬೆಲ್ಟಿನ ಬೆನ್ನ ತುಂಬಾ ಬಿರುಕು. ಸುಮ್ನೆ ನಿಂತಿದ್ದರೂ ರಬ್ಬರ್ ಹಾಳಾಗುತ್ತದೆ.

ಕವರ್ ಬಿಚ್ಚಿದರೆ ಎರಡೂ ಪುಲ್ಲಿ ಮೇಲೆ, ಬೆಲ್ಟ್ ಮೇಲೆ ಬಿಳಿ ಪೇಂಟಿನ ಚುಕ್ಕೆ. ಹೆಲ್ಪರ್ ಹುಡುಗನಿಗೆ ಖುಷಿ. "ಅಣ್ಣ, ಮಾರ್ಕ್ ಇದೆ. ಹೊಸ ಬೆಲ್ಟಿಗೂ ಹಂಗೇ ಚುಕ್ಕೆ ಇಟ್ಟು ಹಾಕಿಬಿಡೋಣ."

ಬೇಡ ಅಂದೆ. ಪ್ಲಗ್ ಬಿಚ್ಚಿ, ಕ್ರ್ಯಾಂಕ್ ಬೋಲ್ಟಿಗೆ ಸಾಕೆಟ್ ಹಾಕಿ ಕೈಯಲ್ಲೇ ತಿರುಗಿಸಿದೆ. ಕೆಳಗಿನ ಪುಲ್ಲಿಯ ಪಂಚ್ ಮಾರ್ಕ್ ಆಯಿಲ್ ಪಂಪ್ ಕೇಸಿನ ಬಾಣಕ್ಕೆ ಬಂತು. ಆಗ ಮೇಲಿನ ಪುಲ್ಲಿ ಒಳ ಕವರಿನ ಗುರುತಿಗೆ ನೇರ ಇರಬೇಕು. ಇರಲಿಲ್ಲ. ಎಂಜಿನ್ ಅಡ್ಡ ಕೂತಿರುವ ಗಾಡಿ, ಬೆಲ್ಟಿನ ಮಗ್ಗುಲಲ್ಲೇ ಬಾಡಿ. ಓರೆಯಾಗಿ ನೋಡಿದರೆ ಅರ್ಧ ಹಲ್ಲು ಆಚೀಚೆ ಕಾಣುವುದು ಮಾಮೂಲಿ. ಚಿಕ್ಕ ಕನ್ನಡಿ ಇಳಿಸಿ, ಟಾರ್ಚ್ ಬಿಟ್ಟು, ಎದುರಿಂದ ನೋಡಿದೆ. ಪೂರ್ತಿ ಒಂದು ಹಲ್ಲು ಹಿಂದೆ. ಮುಂಚೆ ಯಾರೋ ತಪ್ಪಾಗಿ ಕೂರಿಸಿ, ಆ ತಪ್ಪಿನ ಮೇಲೇ ಚುಕ್ಕೆ ಇಟ್ಟಿದ್ದರು!

ಹೊಸ ಬೆಲ್ಟನ್ನು ಕಂಪನಿ ಮಾರ್ಕಿಗೇ ಹಾಕಿದೆ. ಟೆನ್ಷನರ್ (ಬೆಲ್ಟನ್ನು ಬಿಗಿ ಹಿಡಿಯುವ ಸ್ಪ್ರಿಂಗ್ ರೋಲರ್) ಇಲ್ಲದ ಕಡೆ ಬಿಗಿ ಇರುವ ಹಾಗೆ ಕೂರಿಸಿ, ಆಮೇಲೆ ಟೆನ್ಷನರ್ ಬಿಟ್ಟೆ. ಸ್ಪ್ರಿಂಗ್ ತಾನೇ ಎಳೆದುಕೊಳ್ಳಲಿ ಅಂತ ಕ್ರ್ಯಾಂಕನ್ನು 2 ಸುತ್ತು ತಿರುಗಿಸಿದೆ. ಕ್ರ್ಯಾಂಕ್ 2 ಸುತ್ತು ಹೋದರೆ ಕ್ಯಾಮ್ 1 ಸುತ್ತು. ಮಾರ್ಕ್ ಮತ್ತೆ ಸರಿಯಾಗಿ ಬಂತು. ಬೋಲ್ಟ್ ಬಿಗಿದೆ.

ಸ್ಟಾರ್ಟ್ ಮಾಡಿದರೆ ಎಂಜಿನ್ ಸ್ಟಾರ್ಟರನ್ನು ಹಿಂದಕ್ಕೆ ಒದೆಯಿತು. ಹೇಗೋ ಎಂಜಿನ್ ಎದ್ದಿತು, ಆದರೆ ರೇಸ್ ಕೊಟ್ಟರೆ ಕಟಕಟ ನಾಕಿಂಗ್. ವರ್ಕ್‌ಶಾಪ್ ಓನರ್ ಕ್ಯಾಬಿನ್ನಿಂದ ಎದ್ದು ಬಂದರು. ಗಾಡಿಯವರು ಅಲ್ಲೇ ನಿಂತಿದ್ದರು. "ಮೊದಲು ಇದ್ದಂಗೇ ಹಾಕಬೇಕಿತ್ತು ಕಣಯ್ಯ. ಬಿಚ್ಚು, ಒಂದು ಹಲ್ಲು ಹಿಂದಕ್ಕೆ ಹಾಕು, ಡೆಲಿವರಿ ಕೊಡು" ಅಂದರು ಓನರ್. ಹುಡುಗ ಆಗಲೇ ಸ್ಪ್ಯಾನರ್ ಎತ್ತಿಕೊಂಡಿದ್ದ. ಎಲ್ಲರ ಕಣ್ಣೂ ನನ್ನ ಮೇಲೆ. ಬಿಚ್ಚಿದ್ದರೆ ಅವತ್ತು ಎಲ್ಲರೂ ಸುಮ್ಮನಾಗುತ್ತಿದ್ದರು. ಆದರೆ ಮಾರ್ಕನ್ನು ನಾನು ಎದುರಿಂದ ನೋಡಿದ್ದೆ. ಬಿಚ್ಚಲ್ಲ ಅಂದೆ.

ಈ ಎಂಜಿನ್‌ನಲ್ಲಿ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ತಿರುಗುವುದು ಕ್ಯಾಮ್‌ನಿಂದ. ಕ್ಯಾಮ್ ಒಂದು ಹಲ್ಲು ಹಿಂದಿದ್ದರೆ ಕರೆಂಟೂ ತಡವಾಗಿ ಬರುತ್ತದೆ. ಅದನ್ನು ಮುಚ್ಚೋಕೆ ಡಿಸ್ಟ್ರಿಬ್ಯೂಟರನ್ನು ಅಡ್ವಾನ್ಸ್ ಕಡೆ, ಅಂದರೆ ಕರೆಂಟ್ ಬೇಗ ಬರುವ ಕಡೆ, ತಿರುಗಿಸಿಟ್ಟಿದ್ದರು. ಈಗ ಕ್ಯಾಮ್ ಸರಿಯಾಗಿದೆ, ಡಿಸ್ಟ್ರಿಬ್ಯೂಟರ್ ಮಾತ್ರ ಹಳೇ ಜಾಗದಲ್ಲೇ ಇದೆ. ಅಡ್ವಾನ್ಸ್ ಜಾಸ್ತಿಯಾಗಿ ಒದೆಯುತ್ತಿದೆ. ಮೊದಲು ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ ಗ್ಯಾಪ್ ಸರಿ ಮಾಡಿದೆ, ಯಾಕೆಂದರೆ ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಆಮೇಲೆ ಹೌಸಿಂಗಿನ ರಬ್ಬರ್ ಮುಚ್ಚಳ ತೆಗೆದು, ಫ್ಲೈವೀಲ್ ಮಾರ್ಕಿಗೆ ಟೈಮಿಂಗ್ ಲೈಟ್ (ಪ್ಲಗ್ಗಿಗೆ ಕರೆಂಟ್ ಬಂದಾಗಲೆಲ್ಲ ಮಿನುಗುವ ದೀಪ) ಹಿಡಿದು, ಡಿಸ್ಟ್ರಿಬ್ಯೂಟರನ್ನು ನಿಧಾನವಾಗಿ ವಾಪಸ್ ತಂದೆ. ನಾಕಿಂಗ್ ನಿಂತಿತು. ಟ್ರಯಲ್ ಹೋಗಿ ಬಂದ ಗಾಡಿಯವರು "ಇದು ನನ್ನ ಗಾಡಿನೇನಾ?" ಅಂದರು.

ಹಳೇ ಗಾಡಿಯನ್ನು ಎಷ್ಟೋ ಕೈ ಮುಟ್ಟಿರುತ್ತದೆ. ಒಂದು ತಪ್ಪು ಮುಚ್ಚೋಕೆ ಇನ್ನೊಂದು ತಪ್ಪು ಮಾಡಿರುತ್ತಾರೆ. ಬೆಲ್ಟ್ ಸರಿ ಮಾಡಿದರೆ ಇಗ್ನಿಷನ್ನೂ ನೋಡಲೇಬೇಕು. ಈಗ ಬೆಲ್ಟ್ ಕೆಲಸ ಬಂದರೆ ಹುಡುಗ ಮೊದಲು ಪೆಟ್ರೋಲ್ ಬಟ್ಟೆಯಲ್ಲಿ ಹಳೇ ಪೇಂಟ್ ಒರೆಸಿ ಹಾಕುತ್ತಾನೆ. ಟೈಮಿಂಗ್ ಲೈಟ್ ಮಾತ್ರ ಇನ್ನೂ ಓನರ್ ಡ್ರಾಯರಿನಲ್ಲೇ ಬೀಗ ಹಾಕಿಕೊಂಡಿದೆ. ಅದನ್ನು ಬೆಂಚಿಗೆ ಕೊಡಿ ಅಂತ ಕೇಳುತ್ತಲೇ ಇದ್ದೇನೆ.