ಡಬಲ್ ಕ್ಲಿಕ್

ಹಿರಿಯರ ಕಂಪ್ಯೂಟರ್ ಕ್ಲಾಸಲ್ಲಿ ಇವತ್ತೂ ಅದೇ. ಎಪ್ಪತ್ತು ದಾಟಿದವರ ಕೈ, ಫೋಲ್ಡರ್ ಮೇಲೆ ಡಬಲ್ ಕ್ಲಿಕ್. ತೆರೆಯೋ ಬದಲು ಹೆಸರು ನೀಲಿಯಾಗಿ ತಿದ್ದೋಕೆ ನಿಂತಿತು. "ಏನೋ ಕೆಡಿಸಿಬಿಟ್ಟೆ" ಅಂತ ಕೈ ಹಿಂದಕ್ಕೆ.

ಏನೂ ಕೆಟ್ಟಿಲ್ಲ. ಎರಡು ಕ್ಲಿಕ್ ನಡುವೆ ವಿಂಡೋಸ್ ಕೊಡೋದು ಅರ್ಧ ಸೆಕೆಂಡು, 500 ಮಿಲಿಸೆಕೆಂಡ್. ತಡವಾದ್ರೆ ಹೆಸರು ಬದಲಿಸ್ಬೇಕು ಅಂತ ತಿಳ್ಕೊಳ್ಳುತ್ತೆ. ಎಸ್ಕೇಪ್ ಒತ್ತಿ, ಹಳೇ ಹೆಸರು ಹಾಗೇ ಇರುತ್ತೆ.

ಈ ಸಮಯ ಹೆಚ್ಚಿಸೋಕೆ ಕಂಟ್ರೋಲ್ ಪ್ಯಾನೆಲ್, ಮೌಸ್, ಬಟನ್ಸ್. ಅಲ್ಲಿ ಡಬಲ್ ಕ್ಲಿಕ್ ಸ್ಪೀಡ್ ಸ್ಲೋ ಕಡೆಗೆ ಎಳೀರಿ, 900ರವರೆಗೂ ಹೋಗುತ್ತೆ.

ಕೈ ನಡುಗೋರಿಗೆ ಇದೂ ಸಾಲದು. ಎರಡನೇ ಕ್ಲಿಕ್‌ಗೆ ಮೌಸ್ ಕೆಲವೇ ಪಿಕ್ಸೆಲ್ ಸರಿದ್ರೂ ಅದು ಡಬಲ್ ಕ್ಲಿಕ್ ಅಲ್ಲ. ಅವರಿಗೆ ಒಂದೇ ಕ್ಲಿಕ್, ಆಮೇಲೆ ಎಂಟರ್.

ಮೊದಲ ವಾರ ಎಲ್ಲರಿಗೂ ಇಷ್ಟೇ ಹೇಳಿಕೊಟ್ರೆ ಆ ಭಯವೇ ಹುಟ್ಟಲ್ಲ ಅನ್ಸುತ್ತೆ.