ಟೆಸ್ಟ್ ಕ್ರಿಕೆಟ್‌ಗೂ ಎರಡು ಡಿವಿಷನ್ ಬೇಕಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಕ್ರಿಕೆಟ್ ಬಗ್ಗೆ ಬರೆಯುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಇದು. ಫುಟ್‌ಬಾಲ್ ನೋಡುವವರಂತೂ ಬಿಡುವುದೇ ಇಲ್ಲ. "ಇಂಗ್ಲಿಷ್ ಪ್ರೀಮಿಯರ್ ಲೀಗ್‌ನಲ್ಲಿ ಪ್ರತಿ ವರ್ಷ ಕೊನೆಯ ಮೂರು ತಂಡ ಕೆಳಗಿಳಿಯುತ್ತವೆ, ಕೆಳಗಿನ ಲೀಗ್‌ನಿಂದ ಮೂರು ತಂಡ ಮೇಲೆ ಬರುತ್ತವೆ. ಟೆಸ್ಟ್ ಕ್ರಿಕೆಟ್‌ನಲ್ಲೂ ಹಾಗೇ ಮಾಡಿದರೆ ಏನು ಕಷ್ಟ?"

ನನ್ನ ಉತ್ತರ ಇಷ್ಟೇ. ಬಡ್ತಿ ಬೇಕು, ಆದಷ್ಟು ಬೇಗ ಬೇಕು. ಹಿಂಬಡ್ತಿ ಮಾತ್ರ ಬೇಡ. ಟೆಸ್ಟ್ ಆಟದ ದುಡ್ಡು ಈಗ ಹಂಚಿಕೆಯಾಗುವ ರೀತಿ ಬದಲಾಗುವವರೆಗಾದರೂ ಬೇಡ.

ಮೊದಲು ಈ ಆಲೋಚನೆಯ ಆಕರ್ಷಣೆ ಒಪ್ಪಿಕೊಳ್ಳೋಣ. ಟೆಸ್ಟ್ ಆಡುವ ದೇಶಗಳು 12. 2019ರಲ್ಲಿ ಶುರುವಾದ ವಿಶ್ವ ಟೆಸ್ಟ್ ಚಾಂಪಿಯನ್‌ಶಿಪ್‌ಗೆ ತೆಗೆದುಕೊಂಡಿದ್ದು ಒಂಬತ್ತನ್ನು. ಜಿಂಬಾಬ್ವೆ, ಐರ್ಲೆಂಡ್, ಅಫ್ಘಾನಿಸ್ತಾನ ಹೊರಗೇ ಉಳಿದವು. ಒಳಗಿರುವ ಒಂಬತ್ತರಲ್ಲಿ ಕೊನೆಗೆ ಬಂದರೂ ಏನೂ ಆಗುವುದಿಲ್ಲ. ಹೊರಗಿರುವ ಮೂರು ಎಷ್ಟು ಚೆನ್ನಾಗಿ ಆಡಿದರೂ ಒಳಗೆ ಬರಲು ದಾರಿಯೇ ಇಲ್ಲ. ಒಂಬತ್ತಕ್ಕೇ ಗೆರೆ ಎಳೆದದ್ದು ಯಾಕೆ ಅನ್ನುವುದಕ್ಕೆ ಆಟದೊಳಗಿನ ಕಾರಣ ನನಗಂತೂ ಕಾಣುವುದಿಲ್ಲ.

ಏಣಿ ಹತ್ತುವ ಪದ್ಧತಿ ಕ್ರಿಕೆಟ್‌ಗೆ ಹೊಸದೂ ಅಲ್ಲ. ಇಂಗ್ಲೆಂಡಿನ ಕೌಂಟಿ ಚಾಂಪಿಯನ್‌ಶಿಪ್ 2000ದಿಂದ ಎರಡು ಡಿವಿಷನ್‌ಗಳಲ್ಲಿ ನಡೆಯುತ್ತಿದೆ. ಎಸೆಕ್ಸ್ 2016ರಲ್ಲಿ ಎರಡನೇ ಡಿವಿಷನ್ ಗೆದ್ದು ಮೇಲೆ ಬಂತು, 2017ರಲ್ಲಿ ಚಾಂಪಿಯನ್ನೇ ಆಯಿತು. ನಮ್ಮ ರಣಜಿ ಟ್ರೋಫಿಯಲ್ಲೂ ಮೇಲಿನದು ಎಲೀಟ್, ಕೆಳಗಿನದು ಪ್ಲೇಟ್ ಅಂತ ಇವೆಯಲ್ಲ. 2010-11ರಲ್ಲಿ ರಾಜಸ್ಥಾನ ಪ್ಲೇಟ್ ಗುಂಪಿನಿಂದ ಹೊರಟು ಅದೇ ಋತುವಿನಲ್ಲಿ ಟ್ರೋಫಿ ಎತ್ತಿತು. ಮರುವರ್ಷವೂ ಅದೇ ಗೆದ್ದಿತು.

ಇವೆಲ್ಲಕ್ಕಿಂತ ದೊಡ್ಡ ಉದಾಹರಣೆ ಅಫ್ಘಾನಿಸ್ತಾನ. ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ ಐಸಿಸಿ 2007ರಲ್ಲಿ ವರ್ಲ್ಡ್ ಕ್ರಿಕೆಟ್ ಲೀಗ್ ಅಂತ ಶುರು ಮಾಡಿತ್ತು. ಸಣ್ಣ ದೇಶಗಳಿಗೆ ಒಂದರ ಕೆಳಗೊಂದು ಡಿವಿಷನ್. 2008ರಲ್ಲಿ ಅಫ್ಘಾನಿಸ್ತಾನ ಐದನೇ ಡಿವಿಷನ್‌ನಲ್ಲಿತ್ತು. ಇಂಗ್ಲಿಷ್ ಕಡಲ್ಗಾಲುವೆಯ ಪುಟ್ಟ ದ್ವೀಪ ಜೆರ್ಸಿಯಲ್ಲಿ ಆಡಿ ಗೆದ್ದಿತು. ಆಮೇಲೆ ಟಾಂಜಾನಿಯಾದಲ್ಲಿ ನಾಲ್ಕನೇ ಡಿವಿಷನ್, ಅರ್ಜೆಂಟೀನಾದಲ್ಲಿ ಮೂರನೇ ಡಿವಿಷನ್. 2009ರಲ್ಲಿ ಏಕದಿನ ಮಾನ್ಯತೆ ಸಿಕ್ಕಿತು. 2017ರಲ್ಲಿ ಟೆಸ್ಟ್ ಮಾನ್ಯತೆ. ಏಣಿ ಇದ್ದದ್ದಕ್ಕೇ ಅವರು ಹತ್ತಿದರು. ವಿಚಿತ್ರ ಏನೆಂದರೆ, ಏಣಿ ಮುಗಿದದ್ದು ಟೆಸ್ಟ್ ಮಾನ್ಯತೆಯ ಹತ್ತಿರ. ಅಲ್ಲಿಂದ ಮುಂದೆ ಯಾರಾದರೂ ಆಡೋಣ ಬನ್ನಿ ಅಂತ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹಾಗಾದರೆ ಹಿಂಬಡ್ತಿಗೆ ಯಾಕೆ ಬೇಡ ಅನ್ನುತ್ತೇನೆ? ದುಡ್ಡಿನ ಕಾರಣಕ್ಕೆ.

ಎರಡು ದೇಶಗಳ ಟೆಸ್ಟ್ ಸರಣಿಯಲ್ಲಿ ಪ್ರಸಾರದ ಹಣ, ಟಿಕೆಟ್ ಹಣ, ಪ್ರಾಯೋಜಕರ ಹಣ ಎಲ್ಲವೂ ಆತಿಥೇಯ ಮಂಡಳಿಯ ಪಾಲು. ಪ್ರವಾಸ ಬಂದ ತಂಡಕ್ಕೆ ಸಾಮಾನ್ಯವಾಗಿ ಅದರಲ್ಲಿ ಏನೂ ಸಿಗುವುದಿಲ್ಲ. ತನ್ನ ಆಟಗಾರರ ಸಂಬಳ ತಾನೇ ಕೊಡಬೇಕು. ಇದರ ಅರ್ಥ, ವೆಸ್ಟ್ ಇಂಡೀಸ್ ಆಸ್ಟ್ರೇಲಿಯಾಕ್ಕೆ ಹೋಗಿ ಎಷ್ಟೇ ಚೆನ್ನಾಗಿ ಆಡಲಿ, ಆ ಬೇಸಿಗೆಯ ಟಿವಿ ಹಣ ಆಸ್ಟ್ರೇಲಿಯಾದ್ದು. ವೆಸ್ಟ್ ಇಂಡೀಸ್ ಸಂಪಾದಿಸುವುದು ತನ್ನ ತವರಿಗೆ ದೊಡ್ಡ ತಂಡ ಬಂದಾಗ. ಅದರಲ್ಲೂ ಭಾರತ ಬಂದಾಗ, ಸ್ವಲ್ಪ ಮಟ್ಟಿಗೆ ಇಂಗ್ಲೆಂಡ್ ಬಂದಾಗ. ಶ್ರೀಲಂಕಾ, ಬಾಂಗ್ಲಾದೇಶದ ಲೆಕ್ಕವೂ ಇದೇ. ಪಾಕಿಸ್ತಾನದ ಕಥೆ ಇನ್ನೂ ಬೇರೆ. ಭಾರತ ಅಲ್ಲಿಗೆ ಹೋಗುವುದೇ ಇಲ್ಲ.

ಈಗ ಎರಡು ಡಿವಿಷನ್ ಮಾಡಿ ನೋಡಿ. ವೆಸ್ಟ್ ಇಂಡೀಸ್ ಕೆಳಗೆ ಹೋಯಿತು ಅಂದುಕೊಳ್ಳಿ. ಭಾರತ ಟೆಸ್ಟ್ ಆಡಲು ಬರುವುದಿಲ್ಲ. ಇಂಗ್ಲೆಂಡ್ ಬರುವುದಿಲ್ಲ. ಬರುವುದು ಐರ್ಲೆಂಡ್, ಜಿಂಬಾಬ್ವೆ. ಆ ಸರಣಿಯ ಪ್ರಸಾರ ಹಕ್ಕು ಯಾರು ಕೊಳ್ಳುತ್ತಾರೆ? ಹಣ ಕಡಿಮೆ, ಹಾಗಾಗಿ ಆಟಗಾರರಿಗೆ ಕೊಡುವ ಗುತ್ತಿಗೆ ಹಣವೂ ಕಡಿಮೆ. ಆಗ ಇಪ್ಪತ್ತೆರಡು ವರ್ಷದ ವೇಗಿ ಟಿ20 ಲೀಗ್ ಬಿಟ್ಟು ಎರಡನೇ ದರ್ಜೆಯ ಟೆಸ್ಟ್ ಆಡಲು ಬರುತ್ತಾನಾ? ನಾನಾಗಿದ್ದರೆ ಬರುತ್ತಿರಲಿಲ್ಲ.

ಫುಟ್‌ಬಾಲ್ ಹೋಲಿಕೆ ಇಲ್ಲೇ ಮುರಿದು ಬೀಳುವುದು. ಪ್ರೀಮಿಯರ್ ಲೀಗ್‌ನಿಂದ ಕೆಳಗಿಳಿದ ಕ್ಲಬ್‌ಗೆ ಪ್ಯಾರಾಚೂಟ್ ಪೇಮೆಂಟ್ ಅಂತ ಹಣ ಕೊಡುತ್ತಾರೆ, ಹೆಚ್ಚೆಂದರೆ ಮೂರು ವರ್ಷ. ಬಿದ್ದ ಪೆಟ್ಟು ಜೋರಾಗಿ ತಾಗದಿರಲಿ ಅಂತ. ಕ್ಲಬ್ ಆಟಗಾರರನ್ನು ಮಾರಬಹುದು, ಕೊಳ್ಳಬಹುದು, ಹೊಸ ಮಾಲೀಕನನ್ನು ಹುಡುಕಬಹುದು. ದೇಶದ ತಂಡ ಹಾಗೆ ಮಾಡಲು ಆಗುತ್ತಾ? ಜಿಂಬಾಬ್ವೆಗೆ ಒಬ್ಬ ಒಳ್ಳೆಯ ಸ್ಪಿನ್ನರ್ ಬೇಕು ಅಂದರೆ ಅವನು ಜಿಂಬಾಬ್ವೆಯಲ್ಲೇ ಬೆಳೆಯಬೇಕು.

ಬೆಳೆಯಲು ಎಷ್ಟು ಕಾಲ ಬೇಕು ಅನ್ನುವುದಕ್ಕೆ ಹಳೆಯ ಲೆಕ್ಕ ನೋಡಿ. ನ್ಯೂಜಿಲೆಂಡ್ ಮೊದಲ ಟೆಸ್ಟ್ ಆಡಿದ್ದು 1930ರಲ್ಲಿ. ಮೊದಲ ಗೆಲುವು 1956ರಲ್ಲಿ, 45ನೇ ಟೆಸ್ಟ್‌ನಲ್ಲಿ. ಅದಕ್ಕೆ ಒಂದು ವರ್ಷ ಮುಂಚೆ ಇಂಗ್ಲೆಂಡ್ ಎದುರು 26 ರನ್ನಿಗೆ ಆಲೌಟ್ ಆಗಿತ್ತು. ಟೆಸ್ಟ್ ಚರಿತ್ರೆಯ ಅತಿ ಕಡಿಮೆ ಮೊತ್ತ ಇವತ್ತಿಗೂ ಅದೇ. ಆಗ ಹಿಂಬಡ್ತಿ ಇದ್ದಿದ್ದರೆ ಮೊದಲು ಹೋಗುತ್ತಿದ್ದದ್ದು ಯಾರು ಹೇಳಿ? ಅದೇ ನ್ಯೂಜಿಲೆಂಡ್ 2021ರಲ್ಲಿ ಮೊದಲ ವಿಶ್ವ ಟೆಸ್ಟ್ ಚಾಂಪಿಯನ್. ನಮ್ಮದೂ ಅಂಥ ಭಾರೀ ಕಥೆಯೇನಲ್ಲ. 1932ರಲ್ಲಿ ಶುರು ಮಾಡಿ 1952ರಲ್ಲಿ ಮದ್ರಾಸಿನಲ್ಲಿ ಮೊದಲ ಗೆಲುವು ಕಂಡೆವು. ಇವತ್ತು ಬಾಂಗ್ಲಾದೇಶವನ್ನು ನೋಡಿ ನಗುವವರು ಇದನ್ನು ಮರೆಯುತ್ತಾರೆ. ಆ ಬಾಂಗ್ಲಾದೇಶ 2024ರಲ್ಲಿ ರಾವಲ್ಪಿಂಡಿಗೆ ಹೋಗಿ ಪಾಕಿಸ್ತಾನವನ್ನು 2-0 ಸೋಲಿಸಿತು.

2024ರ ಜನವರಿ ಇನ್ನೊಂದು ಉದಾಹರಣೆ. ಆಸ್ಟ್ರೇಲಿಯಾದ ಗಾಬಾ ಮೈದಾನದಲ್ಲಿ ಶಮಾರ್ ಜೋಸೆಫ್ 68 ರನ್ನಿಗೆ ಏಳು ವಿಕೆಟ್ ಕಿತ್ತ. ವೆಸ್ಟ್ ಇಂಡೀಸ್ ಎಂಟು ರನ್‌ಗಳಿಂದ ಗೆದ್ದಿತು. ಆಸ್ಟ್ರೇಲಿಯಾ ನೆಲದಲ್ಲಿ 1997ರ ನಂತರ ಅವರ ಮೊದಲ ಟೆಸ್ಟ್ ಗೆಲುವು. ಎರಡು ಡಿವಿಷನ್ ಇದ್ದಿದ್ದರೆ ಆ ಹುಡುಗ ಅಲ್ಲಿಗೆ ಹೋಗುತ್ತಲೇ ಇರಲಿಲ್ಲವೇನೋ. ಅದಾಗಿ ಒಂದೂವರೆ ವರ್ಷಕ್ಕೆ ಕಿಂಗ್‌ಸ್ಟನ್‌ನಲ್ಲಿ ಇದೇ ವೆಸ್ಟ್ ಇಂಡೀಸ್ ಇದೇ ಆಸ್ಟ್ರೇಲಿಯಾ ಎದುರು 27ಕ್ಕೆ ಆಲೌಟ್ ಆಯಿತು, ಅದೂ ನಿಜ. ಹಿಂಬಡ್ತಿ ಬೇಕು ಅನ್ನುವವರು ಎರಡನೆಯದನ್ನು ಮಾತ್ರ ಹೇಳುತ್ತಾರೆ.

ಅವರ ಮಾತಿನಲ್ಲಿ ನನಗೆ ಒಪ್ಪಿಗೆಯಾಗುವ ಅಂಶವೂ ಇದೆ. 2024ರ ಫೆಬ್ರುವರಿಯಲ್ಲಿ ದಕ್ಷಿಣ ಆಫ್ರಿಕಾ ತನ್ನ ಟಿ20 ಲೀಗ್ ನಡೆಯುತ್ತಿದೆ ಅಂತ ನ್ಯೂಜಿಲೆಂಡ್‌ಗೆ ಎರಡನೇ ದರ್ಜೆಯ ತಂಡ ಕಳಿಸಿತು. ನಾಯಕ ನೀಲ್ ಬ್ರಾಂಡ್‌ಗೆ ಅದೇ ಮೊದಲ ಟೆಸ್ಟ್! ಕೆಳಗಿಳಿಯುವ ಭಯ ಇದ್ದಿದ್ದರೆ ಹಾಗೆ ಮಾಡುತ್ತಿರಲಿಲ್ಲ. ಈ ವಾದಕ್ಕೆ ನನ್ನ ಬಳಿ ಪೂರ್ತಿ ಉತ್ತರ ಇಲ್ಲ. ಆದರೆ ದಕ್ಷಿಣ ಆಫ್ರಿಕಾ ಲೀಗ್‌ಗೆ ಮಣಿದದ್ದು ಮಂಡಳಿಗೆ ಹಣ ಬೇಕಿತ್ತು ಅನ್ನುವ ಕಾರಣಕ್ಕೇ. 2025ರ ಜೂನ್‌ನಲ್ಲಿ ಲಾರ್ಡ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದದ್ದೂ ಅದೇ ದೇಶ.

ಈ ಎರಡು ಡಿವಿಷನ್ ಮಾತು ಎಲ್ಲಿಂದ ಬರುತ್ತದೆ ಅನ್ನುವುದನ್ನೂ ಗಮನಿಸಬೇಕು. 2016ರಲ್ಲಿ ಐಸಿಸಿ ಮುಂದೆ ಏಳು ಮತ್ತು ಐದು ತಂಡಗಳ ಎರಡು ಡಿವಿಷನ್ ಪ್ರಸ್ತಾಪ ಇತ್ತು. ಭಾರತ, ಶ್ರೀಲಂಕಾ, ಬಾಂಗ್ಲಾದೇಶ, ಜಿಂಬಾಬ್ವೆ ವಿರೋಧಿಸಿದವು. ಸಣ್ಣ ದೇಶಗಳಿಗೆ ಅನ್ಯಾಯ ಆಗುತ್ತದೆ ಅಂತ ಬಿಸಿಸಿಐ ಹೇಳಿತು, ಪ್ರಸ್ತಾಪ ಬಿದ್ದುಹೋಯಿತು. 2025ರಲ್ಲಿ ಮಾತು ಮತ್ತೆ ಎದ್ದಾಗ ಸುದ್ದಿಯಲ್ಲಿದ್ದದ್ದು ಭಾರತ, ಆಸ್ಟ್ರೇಲಿಯಾ, ಇಂಗ್ಲೆಂಡ್ ಪರಸ್ಪರ ಇನ್ನೂ ಜಾಸ್ತಿ ಆಡುವ ಲೆಕ್ಕಾಚಾರ. ವೆಸ್ಟ್ ಇಂಡೀಸ್‌ನ ಮಾಜಿ ನಾಯಕ ಕ್ಲೈವ್ ಲಾಯ್ಡ್ ಬಹಿರಂಗವಾಗಿಯೇ ವಿರೋಧಿಸಿದರು. ಆ ವರ್ಷ ಐಸಿಸಿ ನ್ಯೂಜಿಲೆಂಡ್‌ನ ಹಳೆಯ ಬ್ಯಾಟರ್ ರೋಜರ್ ಟೂಸ್ ನೇತೃತ್ವದಲ್ಲಿ ಇದನ್ನು ಪರಿಶೀಲಿಸಲು ಒಂದು ಗುಂಪು ಮಾಡಿತು.

ಆಮೇಲೆ ಬಂತು ಇಂಗ್ಲೆಂಡ್ ಮಂಡಳಿಯ ಅಧ್ಯಕ್ಷ ರಿಚರ್ಡ್ ಥಾಂಪ್ಸನ್ ಅವರ ಮಾತು. ನಮ್ಮ ತಂಡಕ್ಕೆ ಕೆಟ್ಟ ಕಾಲ ಬಂದು ಎರಡನೇ ಡಿವಿಷನ್‌ಗೆ ಬಿದ್ದರೆ ಭಾರತ, ಆಸ್ಟ್ರೇಲಿಯಾ ಜೊತೆ ಆಡದೆ ಇರಬೇಕಾ, ಅದು ಆಗದ ಮಾತು ಅನ್ನುವ ಅರ್ಥದಲ್ಲಿ ಅವರು ಹೇಳಿದರು. ನನಗೆ ನಗು ಬಂತು. ಬೇರೆಯವರು ಬಿದ್ದರೆ ಸುಧಾರಣೆ, ತಾವು ಬಿದ್ದರೆ ಆಗದ ಮಾತು! 1999ರಲ್ಲಿ ಇಂಗ್ಲೆಂಡ್ ತವರಿನಲ್ಲೇ ನ್ಯೂಜಿಲೆಂಡ್‌ಗೆ ಸೋತು ಆಗಿನ ವಿಸ್ಡನ್ ಟೆಸ್ಟ್ ರ್ಯಾಂಕಿಂಗ್ ಪಟ್ಟಿಯ ತಳಕ್ಕೆ ಹೋಗಿತ್ತು. ಹಾಗಾಗಿ ಅವರ ಭಯ ಸುಮ್ನೆ ಅಲ್ಲ ಬಿಡಿ. ಇಂಗ್ಲೆಂಡ್, ಆಸ್ಟ್ರೇಲಿಯಾ ನಡುವಿನ ಆಶಸ್ ಸರಣಿ ನಿಲ್ಲಿಸುವ ಧೈರ್ಯ ಯಾರಿಗೂ ಇಲ್ಲ. ಆಶಸ್‌ಗೆ ವಿನಾಯಿತಿ ಕೊಟ್ಟ ಮೇಲೆ ಅದನ್ನು ಡಿವಿಷನ್ ಅಂತ ಯಾಕೆ ಕರೆಯಬೇಕು?

ಪಾಯಿಂಟ್ ಲೆಕ್ಕದ ತಲೆನೋವು ಬೇರೆ ಇದೆ. ಚಾಂಪಿಯನ್‌ಶಿಪ್‌ನಲ್ಲಿ ಎಲ್ಲರೂ ಎಲ್ಲರ ಜೊತೆ ಆಡುವುದಿಲ್ಲ. ಎರಡು ವರ್ಷಕ್ಕೆ ತಲಾ ಆರು ಸರಣಿ, ಅದರಲ್ಲಿ ಕೆಲವು ಎರಡು ಟೆಸ್ಟ್, ಕೆಲವು ಐದು. ಹಾಗಾಗಿ ಶೇಕಡಾವಾರು ಲೆಕ್ಕ. ಮೇಲಿಂದ ನಿಧಾನಗತಿಯ ಓವರ್‌ಗೆ ದಂಡ. 2023ರ ಆಶಸ್‌ನಲ್ಲಿ ಇಂಗ್ಲೆಂಡ್ 19 ಪಾಯಿಂಟ್ ಕಳೆದುಕೊಂಡಿತು. ಓವರ್ ತಡ ಮಾಡಿದ್ದಕ್ಕೆ ಒಂದು ದೇಶ ಕೆಳಗಿನ ಡಿವಿಷನ್‌ಗೆ ಹೋದರೆ ನೋಡಲು ಮಜಾ ಇರುತ್ತದೆ, ಒಪ್ಪುತ್ತೇನೆ.

"ಹಾಗಾದರೆ ನೀವು ಏನು ಮಾಡುತ್ತಿದ್ದಿರಿ?" ಅಂತ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಮೊದಲು 12 ತಂಡಗಳನ್ನೂ ಚಾಂಪಿಯನ್‌ಶಿಪ್ ಒಳಗೆ ತರುತ್ತಿದ್ದೆ. 2025ರ ಕೊನೆಗೆ ಐಸಿಸಿಯಲ್ಲಿ ಕೇಳಿಬಂದದ್ದೂ ಇದೇ ದಿಕ್ಕಿನ ಮಾತು. ಎರಡನೆಯದಾಗಿ, ಪ್ರವಾಸಿ ತಂಡಕ್ಕೆ ಸರಣಿಯ ಆದಾಯದಲ್ಲಿ ಪಾಲು ಕಡ್ಡಾಯ. 2025ರ ಮೇನಲ್ಲಿ ಟ್ರೆಂಟ್‌ಬ್ರಿಜ್‌ನಲ್ಲಿ ನಾಲ್ಕು ದಿನದ ಟೆಸ್ಟ್ ಆಡಲು ಬಂದ ಜಿಂಬಾಬ್ವೆಗೆ ಇಂಗ್ಲೆಂಡ್ ಮಂಡಳಿ ಶುಲ್ಕ ಕೊಟ್ಟಿತು. ಅಂದರೆ ಇದು ಆಗದ ಕೆಲಸವೇನಲ್ಲ. ಶಾಶ್ವತ ಕ್ರೀಡಾಂಗಣ ಇಲ್ಲದೆ, ತವರಿನಲ್ಲಿ ಟೆಸ್ಟ್ ಆಡಿಸಿದರೆ ಕೈಯಿಂದಲೇ ಹಣ ಹೋಗುವ ಐರ್ಲೆಂಡ್‌ನಂಥ ದೇಶಕ್ಕೆ ಇದೇ ಉಸಿರು.

ಮೂರನೆಯದು, ಕೆಳಗಿನಿಂದ ಬರುವವರಿಗೆ ಒಂದು ಬಾಗಿಲು. ಇದನ್ನು ಐಸಿಸಿಯೇ ಒಮ್ಮೆ ಯೋಚಿಸಿತ್ತು. ಸಣ್ಣ ದೇಶಗಳ ನಾಲ್ಕು ದಿನದ ಟೂರ್ನಿ ಇಂಟರ್‌ಕಾಂಟಿನೆಂಟಲ್ ಕಪ್ ಗೆದ್ದವರು, ಟೆಸ್ಟ್ ಪಟ್ಟಿಯ ಕೊನೆಯ ತಂಡದ ಜೊತೆ ಸವಾಲಿನ ಪಂದ್ಯ ಆಡುವುದು. 2018ಕ್ಕೆ ನಡೆಯಬೇಕಿತ್ತು. ಐರ್ಲೆಂಡ್, ಅಫ್ಘಾನಿಸ್ತಾನಕ್ಕೆ ನೇರವಾಗಿ ಮಾನ್ಯತೆ ಕೊಟ್ಟ ಮೇಲೆ ಅದನ್ನು ಕೈಬಿಟ್ಟರು. ಜೊತೆಗೆ ಇಂಟರ್‌ಕಾಂಟಿನೆಂಟಲ್ ಕಪ್ಪೂ ನಿಂತಿತು. ಸ್ಕಾಟ್ಲೆಂಡ್, ನೆದರ್ಲೆಂಡ್ಸ್, ನೇಪಾಳ ಇವತ್ತು ಐದು ದಿನದ ಆಟಕ್ಕೆ ತಯಾರಾಗಬೇಕು ಅಂದರೆ ಆಡಲು ಅಂಥ ಟೂರ್ನಿಯೇ ಇಲ್ಲ. ನನ್ನನ್ನು ಕೇಳಿದರೆ, ಡಿವಿಷನ್ ಬಗ್ಗೆ ಜಗಳ ಆಡುವ ಮೊದಲು ಆ ಕಪ್ಪನ್ನು ವಾಪಸ್ ತರಬೇಕು.