ಮೊತ್ತ ಕೊನೆಗೂ ತಾಳೆಯಾಯ್ತು

ಮೂರು ವಾರದಿಂದ ಕಾಡುತ್ತಿದ್ದ ಲೆಕ್ಕ ನಿನ್ನೆ ರಾತ್ರಿ ಸರಿಹೋಯಿತು. ಖುಷಿ ಇನ್ನೂ ಬಿಸಿಯಾಗಿದೆ, ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ಅಮೆರಿಕ ಸರ್ಕಾರದ ಆರೋಗ್ಯ ವಿಮೆ ಮೆಡಿಕೇರ್‌ನಲ್ಲಿರುವ 65 ದಾಟಿದವರ ಔಷಧಿಗೆ ಮುಂದಿನ ವರ್ಷ ಎಷ್ಟು ಖರ್ಚಾಗುತ್ತದೆ ಅಂತ ಊಹಿಸುವ ಮಾಡೆಲ್ ಇದು. ಡೇಟಾ ಮೆಪ್ಸ್ ಸಮೀಕ್ಷೆಯದು (ಅಮೆರಿಕದ ಜನರ ವೈದ್ಯಕೀಯ ಖರ್ಚು ಕೇಳುವ ಸಮೀಕ್ಷೆ), 2013–14ರ 18ನೇ ಪ್ಯಾನೆಲ್, ಅಂದರೆ ತಂಡ. ಅದೇ ಜನರನ್ನು ಎರಡು ವರ್ಷ ಕೇಳುತ್ತಾರಲ್ಲ, ಮೊದಲ ವರ್ಷ ನೋಡಿ ಎರಡನೆಯದನ್ನು ಊಹಿಸುವುದು. ಫೈಲ್ ಜೋಡಿಸಿದ್ದು, ಸಮೀಕ್ಷೆಯ ತೂಕ ಹಾಕಿದ್ದು, ಒಂದು ಮಾತ್ರೆಯನ್ನೂ ಕೊಳ್ಳದವರಿದ್ದಾರಲ್ಲ, ಕೊಳ್ಳುತ್ತಾರೋ ಇಲ್ಲವೋ ಅಂತ ಊಹಿಸಲು ಮೊದಲ ಹಂತದಲ್ಲಿ ಬೇರೆ ಲಾಜಿಟ್ ಮಾಡೆಲ್ ಇಟ್ಟಿದ್ದು, ಇವೆಲ್ಲ ಮಾಮೂಲಿ. ಬಿಡೋಣ.

ಕಷ್ಟ ಶುರುವಾಗಿದ್ದು ಎರಡನೇ ಹಂತದಲ್ಲಿ, ಕೊಳ್ಳುವವರ ಖರ್ಚು ಎಷ್ಟು ಅಂತ ಊಹಿಸುವಾಗ. ಖರ್ಚಿನ ಬಾಲ ಉದ್ದ (ಕೆಲವೇ ಜನರದ್ದು ವಿಪರೀತ ಜಾಸ್ತಿ), ಹಾಗಾಗಿ ಲಾಗರಿದಮ್, ಅಂದರೆ ಲಾಗ್ ತೆಗೆದು ರಿಗ್ರೆಷನ್ ಹಾಕಿದೆ. ಗ್ರಾಫ್ ಚೆನ್ನಾಗಿ ಬಂತು. ಆದರೆ ಲಾಗ್ ಬಿಚ್ಚಿ ಡಾಲರ್‌ಗೆ ತಂದು ಎಲ್ಲರದನ್ನೂ ಕೂಡಿಸಿದರೆ, ನಿಜವಾದ ಮೊತ್ತದ ಹತ್ತಿರಕ್ಕೂ ಬರಲಿಲ್ಲ. ತುಂಬಾ ಕಡಿಮೆ!

ಕಾರಣ ಇಷ್ಟು. ಲಾಗ್‌ನ ಸರಾಸರಿಯನ್ನು ಬಿಚ್ಚಿದರೆ ಸಿಗುವುದು ನಡುವಿನ ಮನುಷ್ಯನ ಖರ್ಚು, ಸರಾಸರಿ ಖರ್ಚಲ್ಲ. ಲಾಗ್‌ನಲ್ಲಿ ಉಳಿದ ಚದುರುವಿಕೆ (ಸ್ಟ್ಯಾಂಡರ್ಡ್ ಡೀವಿಯೇಷನ್) 1 ಇದ್ದರೆ, ಹಂಚಿಕೆ ಘಂಟೆಯಾಕಾರ ಅಂತಿಟ್ಟುಕೊಂಡರೂ, ಸರಾಸರಿ ಅದರ 1.65 ಪಟ್ಟು. ಚದುರುವಿಕೆ 1.5 ಆದರೆ 3 ಪಟ್ಟಿಗೂ ಜಾಸ್ತಿ. ಹಾಗೆ ಕಾಣೆಯಾಗುವ ದುಡ್ಡು ಯಾರದ್ದು ಗೊತ್ತಾ? ಅತಿ ಹೆಚ್ಚು ಕಾಯಿಲೆ ಇರುವವರದ್ದು. ಅವರನ್ನು ಬಿಟ್ಟು ಮಾಡಿದ ಊಹೆಯಿಂದ ಯಾರಿಗೂ ಉಪಯೋಗವಿಲ್ಲ.

ಸರಿ, ಸಂಖ್ಯಾಶಾಸ್ತ್ರಜ್ಞ ಡ್ಯುಆನ್ 1983ರಲ್ಲಿ ಕೊಟ್ಟ ಸ್ಮಿಯರಿಂಗ್ ಎಂಬ ತಿದ್ದುಪಡಿ ಹಾಕಿದೆ. ಉಳಿಕೆಗಳನ್ನು (ಲಾಗ್‌ನಲ್ಲಿ ನಿಜಕ್ಕೂ ಊಹೆಗೂ ಇರುವ ವ್ಯತ್ಯಾಸಗಳನ್ನು) ಬಿಚ್ಚಿ, ಅವುಗಳ ಸರಾಸರಿಯಿಂದ ಊಹೆಯನ್ನು ಗುಣಿಸುವುದು. ಈಗ ಮೊತ್ತ ಮೇಲಕ್ಕೆ ಹಾರಿತು! ಎರಡು ವಾರ ಕೋಡ್‌ನಲ್ಲಿ ತಪ್ಪು ಹುಡುಕಿದೆ. ತಪ್ಪು ಅಲ್ಲಿರಲಿಲ್ಲ. ಹಿಂದಿನ ವರ್ಷದ ಖರ್ಚಿನ ಪ್ರಕಾರ ಉಳಿಕೆಗಳನ್ನು ಗುಂಪು ಮಾಡಿ ನೋಡಿದಾಗ ವಿಷಯ ಕಂಡಿತು. ಪ್ರತಿ ತಿಂಗಳೂ ಇನ್ಸುಲಿನ್, ಬಿಪಿ ಮಾತ್ರೆ ಕೊಳ್ಳುವವರ ಖರ್ಚು ವರ್ಷದಿಂದ ವರ್ಷಕ್ಕೆ ಅಷ್ಟೇನೂ ಅಲುಗಾಡುವುದಿಲ್ಲ. ಅಪರೂಪಕ್ಕೆ ಕೊಳ್ಳುವವರದ್ದು ಎಲ್ಲೆಲ್ಲಿಗೋ ಹೋಗುತ್ತದೆ. ಇಬ್ಬರಿಗೂ ಒಂದೇ ಗುಣಕ ಹಾಕಿದ್ದೆ. ಮೊದಲೇ ಖರ್ಚು ದೊಡ್ಡದಿದ್ದವರ ಲೆಕ್ಕ ಸುಮ್ನೆ ಉಬ್ಬಿತ್ತು.

ಗುಂಪಿಗೊಂದು ಗುಣಕ ಇಟ್ಟರೆ ನಡೆಯುತ್ತಿತ್ತು. ಆದರೆ ನನಗೆ ತೃಪ್ತಿಯಾಗಲಿಲ್ಲ. ಗಾಮಾ ಜಿಎಲ್‌ಎಮ್‌ಗೆ ಬಂದೆ, ಉದ್ದ ಬಾಲದ ಖರ್ಚಿಗೆ ಒಗ್ಗುವ ಇನ್ನೊಂದು ಬಗೆಯ ರಿಗ್ರೆಷನ್, ಲಿಂಕ್ ಲಾಗ್. ಇಲ್ಲಿ ಲಾಗ್ ತೆಗೆಯುವುದು ಸರಾಸರಿಗೆ, ಪ್ರತಿಯೊಬ್ಬರ ಖರ್ಚಿಗಲ್ಲ. ಬಿಚ್ಚಿ ವಾಪಸ್ ಬರುವ ಗೋಳೇ ಇಲ್ಲ. ಎತ್ತಿಟ್ಟಿದ್ದ ಅರ್ಧ ಡೇಟಾ ಮೇಲೆ ಓಡಿಸಿದೆ. ಮೊತ್ತ ತಾಳೆ. ಅತಿ ಹೆಚ್ಚು ಖರ್ಚು ಅಂತ ಮಾಡೆಲ್ ಊಹಿಸಿದ ಹತ್ತನೇ ಒಂದು ಭಾಗ ಜನರ ಮೊತ್ತವೂ ತಾಳೆ! ಕುರ್ಚಿಯಿಂದ ಎದ್ದು ನಿಂತುಬಿಟ್ಟೆ.

ಒಂದು ಮಿತಿ ಹೇಳಲೇಬೇಕು. ಹೆಪಟೈಟಿಸ್ ಸಿಗೆ ಸೊವಾಲ್ಡಿ ಮಾತ್ರೆಗೆ ಅನುಮತಿ ಸಿಕ್ಕಿದ್ದು 2013ರ ಡಿಸೆಂಬರ್‌ನಲ್ಲಿ. 12 ವಾರಕ್ಕೆ ಪಟ್ಟಿ ಬೆಲೆ 84,000 ಡಾಲರ್. 2013ರ ಖರ್ಚು ನೋಡಿ ಅಂಥದ್ದನ್ನು ಯಾವ ಮಾಡೆಲ್ ಊಹಿಸೀತು?

ಈಗ ಸಿಟ್ಟಿನ ವಿಷಯ. ಬ್ರ್ಯಾಂಡೋ ಜೆನೆರಿಕ್ಕೋ ಅಂತ ಗುರುತಿಸಲು, ಅಮೆರಿಕದ ಔಷಧಿಗಳ ಗುರುತಿನ ಸಂಖ್ಯೆಯಾದ ಎನ್‌ಡಿಸಿ ಕೋಡ್‌ಗಳ ಪಟ್ಟಿಯೊಂದನ್ನು ದುಡ್ಡು ಕೊಟ್ಟು ತಗೊಂಡೆ. ಬಂದ ಫೈಲ್‌ನಲ್ಲಿ ಅಡ್ಡಗೆರೆಗಳೂ ಇಲ್ಲ, ಮುಂದಿನ ಸೊನ್ನೆಗಳೂ ಇಲ್ಲ. ಡಬ್ಬಿ ಮೇಲಿನ 10 ಅಂಕಿ 4-4-2, 5-3-2, 5-4-1 ಹೀಗೆ ಮೂರು ತರಹ ಇರುತ್ತದೆ. ಬಿಲ್ಲಿನ 11 ಅಂಕಿ ಮಾಡಲು ಸೊನ್ನೆ ಎಲ್ಲಿ ಸೇರಿಸಬೇಕು ಅಂತ ಗೆರೆ ನೋಡಿಯೇ ತಿಳಿಯಬೇಕು, ಅಲ್ವಾ? ಮಾರಿದವರಿಗೆ ಎರಡು ಸಲ ಬರೆದೆ. ಅದೇ ಫೈಲನ್ನು ಮತ್ತೆ ಕಳಿಸಿದರು. ಕೊನೆಗೆ ಅಮೆರಿಕದ ಔಷಧಿ ನಿಯಂತ್ರಕ ಎಫ್‌ಡಿಎ ಉಚಿತವಾಗಿ ಕೊಡುವ ಪಟ್ಟಿಯಿಂದಲೇ ಕಟ್ಟಿಕೊಂಡೆ. ನೀವೂ ಅಲ್ಲಿಂದಲೇ ಶುರು ಮಾಡಿ.

ಮುಂದಿನದು ಆಗಲೇ ತಲೆಯಲ್ಲಿ ಓಡುತ್ತಿದೆ. ಮೆಡಿಕೇರ್‌ನ ಔಷಧಿ ವಿಮೆ ಪಾರ್ಟ್ ಡಿ 2006ರಲ್ಲಿ ಶುರುವಾದಾಗ ನಡುವೆ ದೊಡ್ಡ ಕಂದಕವಿತ್ತು, ಅಲ್ಲಿ ವಿಮೆ ಏನೂ ಕೊಡುತ್ತಿರಲಿಲ್ಲ. ಒಟ್ಟು ಔಷಧಿ ಖರ್ಚು 5,100 ಡಾಲರ್ ಮುಟ್ಟುವಷ್ಟರಲ್ಲಿ 3,600 ಜೇಬಿನಿಂದಲೇ ಹೋಗಿರುತ್ತಿತ್ತು. 2025ರಿಂದ ಕಂದಕವಿಲ್ಲ, ವರ್ಷದ ಜೇಬಿನ ಖರ್ಚಿಗೆ ಮಿತಿಯೂ ಬಂತು, 2025ರಲ್ಲಿ ಅದು 2,000 ಡಾಲರ್ ಇತ್ತು. ಇದೇ ಊಹೆಗಳನ್ನು ಎರಡೂ ವರ್ಷದ ನಿಯಮದೊಳಗೆ ಹಾಯಿಸಿ, ಯಾರ ಜೇಬಿನಲ್ಲಿ ಎಷ್ಟು ಉಳಿಯುತ್ತದೆ ನೋಡಬೇಕು. 2006ರ ನಿಯಮದ ಫಂಕ್ಷನ್ ಬೆಳಿಗ್ಗೆಯೇ ಬರೆದು ಮುಗಿಸಿದೆ.